ಕುದ್ರುವಿನಲ್ಲಿ ಮನೆ ಕೊಳ್ಳುವ ಮೊದಲು

ಕರಾವಳಿಯ ಹೊಳೆಗಳು ಕಡಲು ಸೇರುವ ಮುಂಚೆ ಕವಲೊಡೆದು, ನಡುವೆ ಬಿಟ್ಟ ನೆಲವೇ ಕುದ್ರು. ನೇತ್ರಾವತಿಯ ಪಾವೂರು ಉಳಿಯ, ಸ್ವರ್ಣಾ ನದಿಯ ತಿಮ್ಮಣ್ಣ ಕುದ್ರು, ಕುಂದಾಪುರದ ಹತ್ತಿರ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು. ಇಂಥಲ್ಲಿ ತೆಂಗಿನ ತೋಟದ ನಡುವೆ ಹೆಂಚಿನ ಮನೆ ಮಾರಾಟಕ್ಕಿದೆ ಅಂದರೆ ಯಾರಿಗಾದರೂ ಆಸೆಯಾಗುತ್ತದೆ, ಅಲ್ವಾ? ಆದರೆ ಡಿಸೆಂಬರ್‌ನಲ್ಲಿ ನೋಡಿ ಅಡ್ವಾನ್ಸ್ ಕೊಡಬೇಡಿ. ಮೇ ತಿಂಗಳಲ್ಲಿ ಒಮ್ಮೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇನ್ನೊಮ್ಮೆ ಹೋಗಿ ಬನ್ನಿ.

ಮೊದಲು ಬಾವಿ

ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಉಬ್ಬರದ ಜೊತೆ ಉಪ್ಪುನೀರು ಮೇಲಕ್ಕೆ ಬರುತ್ತದೆ. ಬಾವಿಗೂ ಅದು ತಾಗುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನದಲ್ಲಿ ಹೋಗಿ, ಆಗ ಉಬ್ಬರ ಜೋರು. ಒಂದು ಕೊಡ ಸೇದಿ ಕುಡಿದು ನೋಡಿ. ಕೈಗೆ ಸೋಪು ಹಚ್ಚಿ. ನೊರೆ ಬರದೆ ಜಿಡ್ಡಾಗಿ ನಿಂತರೆ ಉಪ್ಪು ಸೇರಿದೆ ಎಂದೇ ಅನುಮಾನಿಸಿ. ಪಕ್ಕದ ಮನೆಯ ಅಕ್ಕನ ಹತ್ತಿರ, ಅನ್ನಕ್ಕೆ ನೀರು ಎಲ್ಲಿಂದ ತರ್ತೀರಿ ಎಂದು ಕೇಳಿ. ಮಾರುವವರಿಗಿಂತ ಅವರ ಮಾತು ನಂಬಿಕೆಗೆ ಅರ್ಹ.

ಮಳೆಗಾಲದಲ್ಲಿ ಹೋದಾಗ ಗೋಡೆ ನೋಡಿ. ನೆರೆ ಇಳಿದ ಮೇಲೆ ಕೆಸರಿನ ಗೆರೆ ಉಳಿಯುತ್ತದೆ. ಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರೆ ಹಿಂದಿನ ದನದ ಹಟ್ಟಿಯ ಗೋಡೆ ನೋಡಿ, ಅದಕ್ಕೆ ಯಾರೂ ಬಳಿದಿರುವುದಿಲ್ಲ. ಆಮೇಲೆ ದಂಡೆಗೆ ನಡೆಯಿರಿ. ತೆಂಗಿನ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದರೆ ನೆಲ ಕುಸಿಯುತ್ತಿದೆ. ಮರಳು ತೆಗೆಯುವ ಹೊಳೆಯಲ್ಲಂತೂ ಇದು ಜಾಸ್ತಿ. ಪಹಣಿಯಲ್ಲಿ ಒಂದು ಎಕರೆ ಎಂದಿದ್ದರೂ ಅದರಲ್ಲಿ ಒಂದಿಷ್ಟು ನೀರು ಪಾಲಾಗಿರಬಹುದು. ಸರ್ವೆ ಮಾಡಿಸದೆ ದರ ಮಾತಾಡಬೇಡಿ.

ದಾಟುವ ದಾರಿ

ಪಾವೂರು ಉಳಿಯದವರು ಮಳೆಗಾಲ ಮುಗಿದ ಮೇಲೆ ತಾವೇ ಸೇರಿ ತಾತ್ಕಾಲಿಕ ಕಾಲುಸೇತುವೆ ಕಟ್ಟಿಕೊಳ್ಳುತ್ತಾ ಬಂದವರು. ಮಳೆಯಲ್ಲಿ ದೋಣಿಯೇ ಗತಿ. ಇಂಥ ಊರಿನಲ್ಲಿ ಮನೆ ಕೊಂಡವರು ಹಣ ಕೊಟ್ಟು ಸುಮ್ನೆ ಕೂರುವಂತಿಲ್ಲ, ಹೆಗಲೂ ಕೊಡಬೇಕು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ದೋಣಿ ಯಾರು ಬಿಡುತ್ತಾರೆ ಎಂದು ಕೇಳಿ, ಆ ಮನೆಗೇ ಹೋಗಿ ಪರಿಚಯ ಮಾಡಿಕೊಳ್ಳಿ. ಸೇತುವೆ ಇಲ್ಲದ ಕಡೆ ಕೆಂಪುಕಲ್ಲು, ಸಿಮೆಂಟು ಎಲ್ಲವೂ ದೋಣಿಯಲ್ಲೇ ಬರಬೇಕು. ರಿಪೇರಿಯ ಲೆಕ್ಕದಲ್ಲಿ ಅದನ್ನೂ ಸೇರಿಸಿ.

ಕಾಗದಪತ್ರ

ಪಹಣಿ, ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ), ಪಂಚಾಯತಿಯ ಆಸ್ತಿ ದಾಖಲೆಯಾದ 9 ಮತ್ತು 11ರ ನಮೂನೆ ಎಲ್ಲ ಕಡೆಯಂತೆ ಇಲ್ಲೂ ಬೇಕು. ಕೃಷಿ ಜಮೀನಿನಲ್ಲಿ ಒಂದು ತುಂಡು ಮಾತ್ರ ಕೊಳ್ಳುವುದಾದರೆ, ಆ ತುಂಡನ್ನು ಅಳೆದು ಬೇರೆಯಾಗಿ ತೋರಿಸುವ 11ಇ ನಕ್ಷೆ ಮಾಡಿಸಿ. ಹಳೆಯ ಕೂಡುಕುಟುಂಬದ ಆಸ್ತಿಯಾದರೆ ಮುಂಬಯಿಯಲ್ಲಿರುವ ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಅಕ್ಕತಂಗಿಯರು ಎಲ್ಲರ ಸಹಿ ಬೇಕು. ಒಬ್ಬರು ಬಿಟ್ಟುಹೋದರೂ ಮುಂದೆ ಕೋರ್ಟಿಗೆ ಅಲೆಯಬೇಕಾದೀತು. ದರಖಾಸ್ತಿನಲ್ಲಿ, ಅಂದರೆ ಸರ್ಕಾರದಿಂದ ಮಂಜೂರಾಗಿ ಸಿಕ್ಕ ಜಾಗವಾದರೆ ಮಾರಬಾರದೆಂಬ ಷರತ್ತಿನ ಅವಧಿ ಮುಗಿದಿದೆಯೇ ನೋಡಿ.

2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ಗೆರೆಯಿಂದ ಒಳಕ್ಕೆ 20 ಮೀಟರ್ ಜಾಗವನ್ನು ನಿಯಂತ್ರಣಕ್ಕೆ ತಂದಿದೆ. ಮನೆ ಈ 20 ಮೀಟರ್ ಒಳಗಿದೆಯೇ, ಕೋಣೆ ಸೇರಿಸಲು ಅನುಮತಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಜಾಗದೊಳಗೆ ನಾಗಬನ ಇದ್ದರೆ ನಾಗರ ಪಂಚಮಿಗೆ ತನು (ನಾಗನ ಕಲ್ಲಿಗೆ ಹಾಲು, ಎಳನೀರು) ಎರೆಯಲು ಆ ಕುಟುಂಬದವರು ದೂರದಿಂದ ಬರುತ್ತಾರೆ. ಅವರಿಗೆ ಬಿಡುವ ದಾರಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ಕ್ರಯಪತ್ರದಲ್ಲೇ ಬರೆಸಿಕೊಳ್ಳಿ.