ಅಕ್ಕನ ಬೀಳ್ಕೊಡುಗೆ ಹಾಡಿಯಲ್ಲೇ ಮಾಡಿದೆವು

ಬಡವರಿಗೆ ಸ್ವಂತ ಮನೆ ಆಗುವಂತೆ ಓಡಾಡುವ ನಮ್ಮ ಸಂಸ್ಥೆಯ ಮುಖ್ಯಸ್ಥೆ ನಿವೃತ್ತರಾಗುತ್ತಾರೆ ಅಂತ ಗೊತ್ತಾದಾಗ ಬೀಳ್ಕೊಡುಗೆಯ ಜವಾಬ್ದಾರಿ ನನಗೆ ಬಂತು. ದಕ್ಷಿಣ ಕೊಡಗಿನ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಕೇರಿಗಳಲ್ಲಿ, ತೋಟದ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ ಎಲ್ಲರಿಗೂ ಅವರು ಅಕ್ಕ. ನನಗೂ ಅಕ್ಕನೇ. ಮಡಿಕೇರಿಯಲ್ಲಿ ಒಂದು ಹಾಲ್ ಹಿಡಿಯೋಣ, ಶಾಲು ಹೊದಿಸೋಣ, ಹಣ್ಣಿನ ಬುಟ್ಟಿ ಕೊಡೋಣ ಅಂತ ಮೊದಲ ಸಭೆಯಲ್ಲಿ ಮಾತು ಬಂತು. ನಾನು ಒಪ್ಪಲಿಲ್ಲ. ಅಕ್ಕ ಯಾರಿಗೋಸ್ಕರ ಓಡಾಡಿದರೋ ಅವರು ಮಡಿಕೇರಿಗೆ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು, ಬಸ್ ಚಾರ್ಜ್ ಹಾಕಬೇಕು. ಬಂದರೂ ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುತ್ತಾರೆ. ಅವರ ಅಂಗಳದಲ್ಲೇ ಮಾಡೋಣ ಅಂದೆ.

ದಿನ ಗೊತ್ತುಮಾಡುವುದೇ ದೊಡ್ಡ ಲೆಕ್ಕ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಯಾರಿಗೂ ಬಿಡುವಿಲ್ಲ, ಜಾಸ್ತಿ ಕೂಲಿ ಸಿಗುವ ಕಾಲವೂ ಅದೇ. ಜೂನ್ ಬಂದರೆ ಮಳೆ. ತೋಟದವರಿಗೆ ಭಾನುವಾರ ರಜೆ, ಆದರೆ ನಮ್ಮ ಕಡೆ ಸಂತೆಯೂ ಅಂದೇ. ಹಾಗಾಗಿ ಏಪ್ರಿಲ್‌ನ ಒಂದು ಭಾನುವಾರ, ಸಂತೆ ಮುಗಿಸಿಕೊಂಡು ಬಂದ ಮೇಲೆ ಮಧ್ಯಾಹ್ನ ಊಟದಿಂದ ಶುರು ಮಾಡುವುದು ಅಂತಾಯಿತು. ಸಂಜೆ ಕತ್ತಲಾಗುವ ಮೊದಲೇ ಮುಗಿಸಬೇಕು. ಕತ್ತಲಾದರೆ ದಾರಿಯಲ್ಲಿ ಆನೆ. ದೂರದವರಿಗೆ ಎರಡು ಜೀಪ್ ಹೇಳಿದೆವು. ಶಾಲು, ಹಾರಕ್ಕೆ ಅಂತ ಇಟ್ಟಿದ್ದ ದುಡ್ಡು ಅದಕ್ಕೇ ಹೋಯಿತು.

ಆದರೆ ನನ್ನ ಮನಸ್ಸು ಇದ್ದದ್ದು ಕಾರ್ಯಕ್ರಮದ ಮೇಲಲ್ಲ. ಅಕ್ಕನ ತಲೆಯಲ್ಲಿರುವುದು ಅವರ ಜೊತೆಗೇ ಹೋಗಬಾರದು, ಅದೇ ಚಿಂತೆ. ಹಾಗಾಗಿ ತಿಂಗಳುಗಳ ಮೊದಲಿನಿಂದಲೇ ಸಂಜೆ ಅವರ ಜೊತೆ ಕೂತು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾ ಬಂದೆ. "ನನ್ನ ಕಥೆ ಬೇಡಪ್ಪ, ಕೆಲಸದ್ದು ಕೇಳು" ಅಂದರು. ಕೆಲಸದ್ದೇ ಕೇಳಿದೆ.

ಕೊಡಗಿನಲ್ಲಿ ಬಡವರ ಮನೆ ಅಂದರೆ ಮೊದಲ ತೊಡಕು ಜಾಗ. ತೋಟದ ಕಾರ್ಮಿಕರಿಗೆ ಮಾಲೀಕರು ವಸತಿ ಕೊಡಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ನಿಯಮವಿದೆ. ಆದರೆ ಲೈನ್ ಮನೆ ಕೆಲಸದ ಜೊತೆ ಕಟ್ಟಿಕೊಂಡದ್ದು. ಕೆಲಸ ಬಿಟ್ಟರೆ, ವಯಸ್ಸಾದರೆ ಮನೆಯೂ ಹೋಗುತ್ತದೆ. ಎರಡು ಮೂರು ತಲೆಮಾರು ಅಲ್ಲೇ ಬದುಕಿದವರಿಗೂ ತಮ್ಮದು ಅನ್ನುವ ಒಂದು ಅಡಿ ನೆಲ ಇರುವುದಿಲ್ಲ. ಸ್ವಂತ ಜಾಗ ಇಲ್ಲದೆ ಸರ್ಕಾರದ ಮನೆ ಯೋಜನೆ ಕೈಗೆ ಬರುವುದಿಲ್ಲ. ಪೈಸಾರಿ ಜಾಗ, ಅಂದರೆ ಖಾಲಿ ಬಿದ್ದ ಸರ್ಕಾರಿ ಜಾಗ ಹುಡುಕಬೇಕು, ಸರ್ವೆ ಆಗಬೇಕು, ಹಕ್ಕುಪತ್ರ ಬರಬೇಕು. ಕಾಡಂಚಿನ ಯರವ, ಜೇನುಕುರುಬ ಆದಿವಾಸಿ ಕುಟುಂಬಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿ ಬೇರೆ. ಯಾರಿಗೆ ಯಾವ ದಾರಿ ಅಂತ ಮನೆಮನೆಗೆ ಹೋಗಿ ನೋಡಿ ಹೇಳುತ್ತಿದ್ದವರು ಅಕ್ಕ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯವರು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ ಅವರು ಅಲ್ಲಿದ್ದರು. ಆಮೇಲೆ ಆ ಕುಟುಂಬಗಳಿಗೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆಗಳಾದವು. ಅಲ್ಲಿಗೆ ಹೋದವರನ್ನೂ ಅಕ್ಕ ಬಿಡಲಿಲ್ಲ. ಮನೆ ಸಿಕ್ಕಿತು, ಆದರೆ ಕೂಲಿ ಕೆಲಸ ಎಷ್ಟು ದೂರ, ಮಕ್ಕಳ ಶಾಲೆ ಎಲ್ಲಿ, ರೇಷನ್ ಕಾರ್ಡ್ ವಿಳಾಸ ಬದಲಾಯಿತಾ, ಇದನ್ನೆಲ್ಲ ಕೇಳಿಕೊಂಡು ಬರುತ್ತಿದ್ದರು. ಗೋಡೆ, ಛಾವಣಿ ಆದ ಮೇಲೇ ಅರ್ಧ ಕೆಲಸ ಶುರು ಅನ್ನುವುದು ಅವರ ಲೆಕ್ಕ. ನಾನು ಈ ಕೆಲಸ ಕಲಿತದ್ದೇ ಆ ಮಾತಿನಿಂದ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದ ಮೇಲೆ ಅವರು ಒಂದು ಪದ್ಧತಿ ಹಿಡಿದರು. ಯಾರಾದರೂ ಇಲ್ಲಿ ಜಾಗ ಇದೆ ಅಂದರೆ ಬೇಸಿಗೆಯಲ್ಲಿ ನೋಡಿ ಒಪ್ಪುತ್ತಿರಲಿಲ್ಲ. ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿದ್ದರು. ಮೇಲಿನ ಗುಡ್ಡದ ಇಳಿಜಾರಿನಲ್ಲಿ ಬಿರುಕು ಇದೆಯಾ, ರಸ್ತೆಗೆ ಅಂತ ಗುಡ್ಡ ಕಡಿದಿದ್ದಾರಾ ಅಂತ ಊರ ಹಿರಿಯರನ್ನು ಕೇಳುತ್ತಿದ್ದರು. ಮರುವರ್ಷ ಕರಡಿಗೋಡಿನಲ್ಲಿ ಕಾವೇರಿ ದಡದ ಮನೆಗಳಿಗೆ ನೀರು ನುಗ್ಗಿದಾಗ ಇದು ಎಷ್ಟು ಮುಖ್ಯ ಅಂತ ಉಳಿದವರಿಗೂ ಗೊತ್ತಾಯಿತು.

ಕಟ್ಟುವ ಹೊತ್ತಿನ ಸೂಕ್ಷ್ಮಗಳೂ ಇದ್ದವು. ಸರ್ಕಾರದ ಹಣ ಹಂತ ಹಂತವಾಗಿ ಬರುತ್ತದೆ: ತಳಪಾಯ, ಲಿಂಟಲ್, ಛಾವಣಿ. ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ ಬೇಕು. ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲದೆ ಫೋಟೋ ಅಪ್‌ಲೋಡ್ ತಡವಾದರೆ ಕಂತೂ ತಡ. ಅಷ್ಟರಲ್ಲಿ ಮಳೆ ಹಿಡಿದರೆ ಸೂರಿಲ್ಲದ ಗೋಡೆ ನೆನೆಯುತ್ತಾ ನಿಲ್ಲುತ್ತದೆ. ಅದಕ್ಕೇ ಮೇ ಮುಗಿಯುವುದರೊಳಗೆ ಛಾವಣಿ ಹಾಕಲಾಗದ ಮನೆಗೆ ಅವರು ತಳಪಾಯ ತೋಡಿಸುತ್ತಿರಲಿಲ್ಲ. ಕಾಗದಗಳ ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಪ್ಲಾಸ್ಟಿಕ್ ಕವರ್‌ನಲ್ಲಿ ಆ ಮನೆಯವರ ಹತ್ತಿರವೇ. ಮನೆಯವರ ಕೈಯಲ್ಲಿ ಕಾಗದ ಇಲ್ಲದಿದ್ದರೆ ಮನೆ ಅವರದ್ದಲ್ಲ ಅಂತ ಖಂಡಿತವಾಗಿ ಹೇಳುತ್ತಿದ್ದರು.

ಇದನ್ನೆಲ್ಲ ಬರೆದು ಒಂದು ಪುಸ್ತಕ ಮಾಡಿದೆವು. ಒಂದೊಂದು ಪುಟಕ್ಕೆ ಒಂದೊಂದು ಮನೆ. ಬಾಗಿಲಲ್ಲಿ ನಿಂತ ಕುಟುಂಬದ ಫೋಟೋ, ಕೆಳಗೆ ಅವರೇ ಹೇಳಿದ ನಾಲ್ಕು ಮಾತು. ಫೋಟೋ ಬೇಡ ಅಂದವರ ಪುಟದಲ್ಲಿ ಬರೀ ಮಾತು. "ಅಕ್ಕನಿಗೆ ಧನ್ಯವಾದ ಹೇಳಿ" ಅಂತ ಯಾರನ್ನೂ ಒತ್ತಾಯಿಸಲಿಲ್ಲ. ನಿಮ್ಮ ಮನೆ ಹೇಗಾಯಿತು ಅಂತಷ್ಟೇ ಕೇಳಿದೆವು. ಒಬ್ಬ ಅಜ್ಜಿ ಅಕ್ಕನ ಹೆಸರನ್ನೇ ಎತ್ತದೆ, ಒಲೆಯನ್ನು ಯಾವ ಮೂಲೆಗೆ ಹಾಕಿದೆ ಅಂತ ವಿವರವಾಗಿ ಹೇಳಿದರು. ಅಕ್ಕ ಜಾಸ್ತಿ ಹೊತ್ತು ನೋಡಿದ್ದು ಆ ಪುಟವನ್ನೇ.

ಅಂದು ವೇದಿಕೆ ಹಾಕಲಿಲ್ಲ. ಅಂಗಳದಲ್ಲಿ ಸುತ್ತ ಕುರ್ಚಿ, ಚಾಪೆ. ಪಂಚಾಯಿತಿಯವರನ್ನೂ ಕರೆದಿದ್ದೆವು, ಎಲ್ಲರ ಮಧ್ಯೆಯೇ ಕೂತರು. ಊಟಕ್ಕೆ ಕಡಂಬಟ್ಟು ಅನ್ನುವ ಅಕ್ಕಿ ಕಡುಬು, ಕೋಳಿ ಸಾರು, ಅನ್ನ. ಹಾಡಿಯ ಹುಡುಗರು ದುಡಿ ಬಾರಿಸಿದರು, ಹೆಂಗಸರು ಕುಣಿದರು, ಅಕ್ಕನನ್ನೂ ಎಳೆದುಕೊಂಡರು. ಹಾಡಿಯ ಯಜಮಾನರು ಮೊದಲು ಮಾತಾಡಿದರು. ಆಮೇಲೆ ಒಬ್ಬ ತಾಯಿ ಎದ್ದು, ಮನೆ ಆಯಿತು, ಆದರೆ ನೀರಿನ ಪೈಪ್ ಇನ್ನೂ ಬಂದಿಲ್ಲ, ಕರೆಂಟ್ ಮೀಟರ್ ಇಲ್ಲ ಅಂದರು. ನಮ್ಮಲ್ಲಿ ಕೆಲವರಿಗೆ ಮುಜುಗರವಾಯಿತು. ಬೀಳ್ಕೊಡುಗೆ ದಿನ ದೂರು ಯಾಕೆ ಅಂತ. ನನಗೆ ಮಾತ್ರ ಹೆಮ್ಮೆ ಅನ್ನಿಸಿತು. ಅಧಿಕಾರಿಗಳ ಎದುರು ನಿಂತು ಹಾಗೆ ಕೇಳುವ ಧೈರ್ಯ ಬರಿಸಿದ್ದು ಯಾರು, ಅಕ್ಕನೇ ಅಲ್ವಾ?

ಅಕ್ಕ ಚೀಲದಿಂದ ತಮ್ಮ ಬಾಕಿ ಪಟ್ಟಿ ತೆಗೆದರು. ಹಕ್ಕುಪತ್ರ ಬರಬೇಕಾದವರು, ಆಧಾರ್ ಬ್ಯಾಂಕಿಗೆ ಜೋಡಿಸದೆ ಕಂತು ನಿಂತವರು, ಗಂಡ ತೀರಿಕೊಂಡ ಮೇಲೆ ಹೆಸರು ಬದಲಾಗಬೇಕಾದ ಹೆಂಗಸರು. ಒಂದೊಂದೇ ಹೆಸರು ಓದಿ, ಇದು ಯಾರು ನೋಡಿಕೊಳ್ಳುತ್ತೀರಿ ಅಂತ ನಮ್ಮನ್ನು ಎಲ್ಲರ ಮುಂದೆಯೇ ಕೇಳಿದರು. ಒಪ್ಪಿಕೊಂಡವರ ಹೆಸರು ಪಕ್ಕದಲ್ಲಿ ಬರೆದರು. ಆ ಮನೆಯವರೂ ಅದನ್ನು ಕೇಳಿಸಿಕೊಂಡರು. ಇನ್ನು ಅವರು ನಮ್ಮನ್ನು ಹೆಸರು ಹಿಡಿದು ಕೇಳಬಹುದು.

ಈಗ ಆ ಪಟ್ಟಿ ಕಚೇರಿಯ ಗೋಡೆಯಲ್ಲಿದೆ, ಒಂದು ಪ್ರತಿ ಹಾಡಿಯ ಯಜಮಾನರ ಹತ್ತಿರ. ಆ ತಾಯಿಯ ಮನೆಗೆ ಮೀಟರ್ ಬಂದಿದೆ. ನೀರಿನ ಪೈಪಿಗೆ ಪಂಚಾಯಿತಿಗೆ ಅರ್ಜಿ ಹೋಗಿದೆ. ಬರೆದದ್ದು, ಸಹಿ ಹಾಕಿದ್ದು, ತಗೊಂಡು ಹೋಗಿ ಕೊಟ್ಟದ್ದು ಎಲ್ಲ ಹಾಡಿಯವರೇ.