ಕಾರ್ಬಾನಿಫೆರಸ್ ಕಾಲದ ಟ್ರೈಲೊಬೈಟ್ ಗುರುತಿಸುವ ಬಗೆ

ಟ್ರೈಲೊಬೈಟ್ ಎಂದರೆ ಎಂದೋ ಅಳಿದುಹೋದ, ಗಟ್ಟಿ ಚಿಪ್ಪಿನ ಕಡಲ ಸಂಧಿಪದಿ; ಈಗ ಪಳೆಯುಳಿಕೆಯಾಗಿ ಸಿಗುತ್ತದೆ. ಮೈಸೂರು, ಮಂಡ್ಯದ ನೆಲದಲ್ಲಿ ಅದನ್ನು ಹುಡುಕಿ ಫಲವಿಲ್ಲ. ಇಲ್ಲಿನ ನೈಸ್ ಶಿಲೆ 250 ಕೋಟಿ ವರ್ಷಕ್ಕೂ ಹಳೆಯದು, ಟ್ರೈಲೊಬೈಟ್ ಹುಟ್ಟುವುದಕ್ಕೂ ಎಷ್ಟೋ ಮೊದಲಿನದು; ಚಾಮುಂಡಿ ಬೆಟ್ಟದ ಗ್ರಾನೈಟ್ ಶಿಲಾರಸ ಗಟ್ಟಿಯಾಗಿ ಆದದ್ದು. ನಿಮ್ಮ ಕೈಗೆ ಬರುವುದು ಕಾಲೇಜಿನ ಸಂಗ್ರಹದ್ದೋ ಕೊಂಡು ತಂದದ್ದೋ ಆಗಿರುತ್ತದೆ. ಜೊತೆಗಿರುವ ಚೀಟಿ ಕಳೆಯಬೇಡಿ. ಸಿಕ್ಕ ಊರು, ಶಿಲಾಸ್ತರ ಗೊತ್ತಿಲ್ಲದಿದ್ದರೆ ಪ್ರಭೇದದ ತನಕ ಹೋಗದೆ ಕುಲದ (genus) ಹೆಸರಿಗೇ ನಿಲ್ಲಿಸುವುದು ಒಳ್ಳೆಯದು.

ಮೊದಲು ಕಣ್ಣು ನೋಡಿ. ಕಾರ್ಬಾನಿಫೆರಸ್ ಕಾಲಕ್ಕೆ (ಸುಮಾರು 35.9ರಿಂದ 29.9 ಕೋಟಿ ವರ್ಷ ಹಿಂದೆ) ಉಳಿದಿದ್ದದ್ದು ಪ್ರೊಇಟಿಡ ಬಳಗ ಒಂದೇ. ಇವುಗಳ ಕಣ್ಣಿನ ಮಸೂರಗಳು ತೀರಾ ಸಣ್ಣವು, ಒತ್ತೊತ್ತಾಗಿರುವುದರಿಂದ 10 ಪಟ್ಟಿನ ಲೆನ್ಸ್‌ನಲ್ಲೂ ಮೇಲ್ಮೈ ನುಣುಪಾಗಿಯೇ ಕಾಣುತ್ತದೆ. ದಪ್ಪ ಮಸೂರಗಳು ಬಿಡಿಬಿಡಿಯಾಗಿ ಉಬ್ಬಿದ್ದರೆ ಅದು ಫೇಕಾಪ್ಸ್ ಬಳಗ. ಅದು ಇದರ ಹಿಂದಿನ ಕಾಲವಾದ ಡೆವೋನಿಯನ್ ಕೊನೆಗೇ ಅಳಿದುಹೋಯಿತು. ಮೊರಾಕೊದಿಂದ ಮಾರಾಟಕ್ಕೆ ಬರುವವುಗಳಲ್ಲಿ ಇಂಥವು ಬಹಳ.

ಆಮೇಲೆ ತಲೆಚಿಪ್ಪಿನ ನಡುವಿನ ಉಬ್ಬು, ಅಂದರೆ ಗ್ಲಾಬೆಲ್ಲ. ಕುಲ ನಿರ್ಧಾರವಾಗುವುದು ಹೆಚ್ಚಾಗಿ ಇಲ್ಲೇ. ಫಿಲಿಪ್ಸಿಯದಲ್ಲಿ ಇದರ ಅಂಚುಗಳು ಹೆಚ್ಚುಕಡಿಮೆ ಸಮಾನಾಂತರ. ಗ್ರಿಫಿಥೈಡೀಸ್‌ನಲ್ಲಿ ಮುಂಭಾಗ ಊದಿಕೊಂಡು ಹಿಂದಕ್ಕೆ ಕಿರಿದಾಗುತ್ತದೆ. ಡಿಟೊಮೊಪೈಜಿಯಲ್ಲಿ ಕತ್ತಿನ ಉಂಗುರದ ಮುಂದೆ, ಎರಡು ಪಕ್ಕದ ಹಾಲೆಗಳ ನಡುವೆ ಇನ್ನೊಂದು ಹಾಲೆ ಇದೆ. ಬ್ರಾಕಿಮೆಟೊಪಸ್‌ನಲ್ಲಿ ಗ್ಲಾಬೆಲ್ಲ ಗಿಡ್ಡ, ಚಿಪ್ಪಿನ ತುಂಬ ಗುಳ್ಳೆ.

ಬಾಲಚಿಪ್ಪಿನಲ್ಲಿ ನಡುದಂಡದ ಉಂಗುರಗಳನ್ನೂ ಪಕ್ಕದ ಪಟ್ಟೆಗಳನ್ನೂ ಬೇರೆಬೇರೆ ಎಣಿಸಿ. ತೀರಾ ಮುಂದಿರುವ ಅರೆ ಉಂಗುರ ಕೀಲಿನ ಭಾಗ, ಅದು ಲೆಕ್ಕಕ್ಕಿಲ್ಲ. ಅದನ್ನು ಸೇರಿಸಿದ್ದರಿಂದಲೇ ಎಷ್ಟೋ ಎಣಿಕೆ ಒಂದು ಹೆಚ್ಚಾಗುತ್ತದೆ. ತುದಿಯ ಉಂಗುರಗಳು ಮಾಸಲಾಗಿರುತ್ತವೆ: ಎಡ ಮೇಲ್ಬದಿಯಿಂದ ಓರೆಯಾಗಿ ಬೆಳಕು ಹಾಕಿ, ಆಗಲೂ ಕಾಣದಿದ್ದರೆ ಕಂಡಷ್ಟನ್ನು ಎಣಿಸಿ, ಉದಾಹರಣೆಗೆ “14ಕ್ಕೂ ಹೆಚ್ಚು” ಎಂದಷ್ಟೇ ಬರೆಯಿರಿ. ಚಿಪ್ಪು ಹೋಗಿ ಒಳ ಅಚ್ಚು ಮಾತ್ರ ಉಳಿದಿದ್ದರೆ ಗೀರುಗಳು ಆಳವಾಗಿ, ಗುಳ್ಳೆಗಳು ಇಲ್ಲವೆಂಬಂತೆ ಕಾಣಬಹುದು. ಅದನ್ನು ಚಿಪ್ಪಿರುವ ಮಾದರಿಗೆ ಹೋಲಿಸಿ ಹೊಸ ಪ್ರಭೇದ ಮಾಡಬೇಡಿ.

ಫೋಟೊ ತೆಗೆಯಲು ಅಮೋನಿಯಂ ಕ್ಲೋರೈಡ್‌ನ ತೆಳು ಲೇಪ ಕೊಡುವುದುಂಟು. ಲ್ಯಾಬಿನ ಹೊಗೆಗೂಡಿನಲ್ಲೇ ಮಾಡಿ. ಮಳೆಗಾಲದ ತೇವದಲ್ಲಿ ಲೇಪ ಹರಳುಗಟ್ಟಿ ವಿವರ ಮುಚ್ಚುತ್ತದೆ. ಒಣ ದಿನಕ್ಕೆ ಕಾಯಿರಿ. ಸ್ವಚ್ಛ ಮಾಡಲು ವಿನೆಗರ್ ಬೇಡ, ಕ್ಯಾಲ್ಸೈಟ್ ಕರಗಿಹೋಗುತ್ತದೆ. ಮೆದು ಬ್ರಷ್, ನೀರು ಸಾಕು.

ತಲೆ, ಬಾಲ ಬೇರೆಬೇರೆ ಸಿಕ್ಕಾಗ ಎಚ್ಚರ ಇರಲಿ. ಇಂಥ ತುಣುಕುಗಳಲ್ಲಿ ಬಹುಪಾಲು ಕಳಚಿದ ಪೊರೆ. ಒಂದೇ ಕಲ್ಲಿನಲ್ಲಿದ್ದ ಮಾತ್ರಕ್ಕೆ ಒಂದೇ ಪ್ರಭೇದವಲ್ಲ. ಗಾತ್ರವೂ ಮೇಲ್ಮೈಯ ಗುಳ್ಳೆ-ಗೆರೆಯೂ ಹೊಂದಿ, ಅದೇ ಜೋಡಿ ಹಲವು ಸಲ ಒಟ್ಟಿಗೆ ಸಿಕ್ಕರೆ ಮಾತ್ರ ಒಂದೇ ಹೆಸರಿನಡಿ ಸೇರಿಸಿ.