46 ದಿನಕ್ಕೇ ಹೊರಬಂದ ಮರಿಗಳು

ಕಡಲಾಮೆಯ ಮೊಟ್ಟೆಗಳನ್ನು ತಂದು ಬೇಲಿ ಹಾಕಿದ ಹ್ಯಾಚರಿಯ ಮರಳಿನಲ್ಲಿ ಹೂಳುವ ಕೆಲಸಕ್ಕೆ ಇಳಿದ ಮೊದಲ ವರ್ಷಗಳಲ್ಲಿ, ಮರಿಗಳು ಬೇಗ ಹೊರಬಂದಷ್ಟೂ ಹಿಗ್ಗುತ್ತಿದ್ದೆ. ದಿನಚರಿಯಲ್ಲಿ ‘46 ದಿನ’ ಎಂದು ಬರೆದು ಅಡಿಗೆರೆ ಎಳೆದದ್ದೂ ಉಂಟು. ಅದರಲ್ಲಿ ಹಿಗ್ಗುವಂಥದ್ದೇನೂ ಇಲ್ಲ ಎಂದು ತಿಳಿಯಲು ಮೂರು ಹಂಗಾಮು ಬೇಕಾಯಿತು.

ಆಲಿವ್ ರಿಡ್ಲೆ ಆಮೆಯ ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆಗಳಿರುತ್ತವೆ. ಹೆಣ್ಣೋ ಗಂಡೋ ಎಂಬುದನ್ನು ಇವುಗಳಲ್ಲಿ ವರ್ಣತಂತು ತೀರ್ಮಾನಿಸುವುದಿಲ್ಲ, ಮರಳಿನ ಕಾವು ತೀರ್ಮಾನಿಸುತ್ತದೆ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಬೆರೆತು ಹುಟ್ಟುತ್ತವೆ. ಒಂದೆರಡು ಡಿಗ್ರಿ ಏರಿದರೆ ಹೆಚ್ಚಿನವು ಹೆಣ್ಣು, ಇಳಿದರೆ ಹೆಚ್ಚಿನವು ಗಂಡು. ಮರಿ ಬೆಳೆಯುವ ವೇಗವೂ ಅದೇ ಕಾವಿನ ಕೈಯಲ್ಲಿದೆ. ತಂಪಾದ ಗೂಡು 60 ದಿನ ಹಿಡಿದರೆ ಬಿಸಿಯಾದದ್ದು 45ಕ್ಕೇ ಮುಗಿಸುತ್ತದೆ. ಅಂದರೆ ನಾನು ಅಡಿಗೆರೆ ಎಳೆದಿದ್ದ ಗೂಡುಗಳಲ್ಲಿ ಗಂಡುಗಳು ಇದ್ದರೂ ಬೆರಳೆಣಿಕೆಯಷ್ಟು. ಮರಿಯನ್ನು ಅಂಗೈಯಲ್ಲಿಟ್ಟು ಎಷ್ಟು ಹೊರಳಿಸಿ ನೋಡಿದರೂ ಲಿಂಗ ತಿಳಿಯದು. ನನ್ನ ಬಳಿಯಿದ್ದ ಸುಳಿವೆಂದರೆ ದಿನಗಳ ಲೆಕ್ಕವೊಂದೇ.

ಮರುವರ್ಷ ನಾಲ್ಕು ಗೂಡುಗಳಲ್ಲಿ, ಮೊಟ್ಟೆಗಳ ನಡುವೆ, ಉದ್ದ ತಂತಿಯ ಥರ್ಮಾಮೀಟರ್ ಇಳಿಸಿ ದಿನವೂ ಓದಿಕೊಂಡೆ. ಅಲ್ಲಿಯೂ ಎಡವಿದೆ. ಕೊನೆಯ ಎರಡು ವಾರಗಳಲ್ಲಿ ಬೆಳೆಯುವ ಮರಿಗಳ ಮೈಕಾವಿನಿಂದಲೇ ಗೂಡು ಸುತ್ತಲಿನ ಮರಳಿಗಿಂತ ಎರಡು ಡಿಗ್ರಿ ಮೇಲೇರಿತು. ಗಾಬರಿಯಾಗಿ ಆಗ ನೆರಳಿನ ಬಲೆ ಕಟ್ಟಿದೆ. ಲಿಂಗ ನಿಗದಿಯಾಗುವುದು ಕಾವಿನ ಅವಧಿಯ ನಡುವಿನ ಮೂರನೇ ಒಂದು ಪಾಲಿನಲ್ಲಿ. ಕೊನೆಗೆ ಕಟ್ಟಿದ ನೆರಳು ಮರಿಗಳು ಮೊಟ್ಟೆಯಲ್ಲೇ ಬೆಂದು ಸಾಯದಂತೆ ತಡೆಯಬಹುದು, ಗಂಡುಗಳನ್ನು ಹುಟ್ಟಿಸದು.

ಈಗ 15ನೇ ದಿನಕ್ಕೇ ಬಲೆ ಕಟ್ಟುತ್ತೇನೆ, ಅದೂ ಅರ್ಧ ಹ್ಯಾಚರಿಗೆ ಮಾತ್ರ. ಎಲ್ಲವನ್ನೂ ತಣ್ಣಗಾಗಿಸಿ ಗಂಡುಗಳನ್ನೇ ತುಂಬುವುದು ಇನ್ನೊಂದು ಅವಿವೇಕ. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವುದರಿಂದ ಹೆಣ್ಣುಗಳ ಸಂಖ್ಯೆ ಹೆಚ್ಚಿದ್ದರೆ ಅಡ್ಡಿಯಿಲ್ಲ. ಆದರೆ ಆಸ್ಟ್ರೇಲಿಯಾದ ಹವಳದ ದಿಬ್ಬ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಹಸಿರು ಕಡಲಾಮೆಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನ ಓದಿದಾಗ ಎದೆ ಧಸಕ್ಕೆಂದಿತು: ಎಳೆಯ ಆಮೆಗಳಲ್ಲಿ ನೂರಕ್ಕೆ 99 ಹೆಣ್ಣು. ಇಂಥ ಪ್ರಾಣಿಗಳ ದೀರ್ಘಾಯುಷ್ಯವೇ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಹೊಸ ಗಂಡುಗಳು ಹುಟ್ಟದಿದ್ದರೂ ಹಳೆಯ ಆಮೆಗಳು ದಶಕಗಳ ಕಾಲ ದಡಕ್ಕೆ ಬಂದು ಮೊಟ್ಟೆಯಿಡುತ್ತಲೇ ಇರುತ್ತವೆ, ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈ ಹಂಗಾಮಿನಲ್ಲಿ ಬಲೆಯಡಿಯ 11ನೇ ಗೂಡಿನ ಮರಳು ಒಂದು ಸಂಜೆ ಬಟ್ಟಲಿನಂತೆ ಕುಸಿಯಿತು. ಕತ್ತಲಾದ ಮೇಲೆ ಮೊದಲು ಒಂದು ಮೂತಿ, ಆಮೇಲೆ ಒಂದರ ಮೇಲೊಂದು ಹತ್ತಿ ಇಡೀ ಗುಂಪು ಮೇಲೆ ಬಂತು. 56 ದಿನ. ಅದನ್ನು ಹೂತ ರಾತ್ರಿಯೇ ಬಿಸಿಲಿನ ಸಾಲಿನಲ್ಲಿ ಹೂತಿದ್ದ ಇನ್ನೊಂದು ಗೂಡು 48ಕ್ಕೇ ಖಾಲಿಯಾಗಿತ್ತು.